ಅಪ್‌ಡೇಟ್: ಕೆಲಸ ಬಿಟ್ಟ ಮೇಲೆ ಕಂಪನಿಯ ಆರೋಗ್ಯ ವಿಮೆ ಎಂದು ಮುಗಿಯುತ್ತದೆ?

ರಾಜೀನಾಮೆ ಕೊಟ್ಟರೆ ಕಂಪನಿಯ ಗುಂಪು ವಿಮೆ ಆ ತಿಂಗಳ ಕೊನೆಯವರೆಗೆ ಇರುತ್ತದೆಯೇ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ. ಸಾಮಾನ್ಯವಾಗಿ ಇರುವುದಿಲ್ಲ. ರಿಲೀವಿಂಗ್ ಪತ್ರದಲ್ಲಿರುವ ಕೊನೆಯ ಕೆಲಸದ ದಿನಕ್ಕೇ ರಕ್ಷಣೆ ನಿಲ್ಲುತ್ತದೆ. ಹೆಂಡತಿ, ಮಕ್ಕಳು, ಅಪ್ಪ-ಅಮ್ಮನದೂ ಅದೇ ದಿನ. ಎಚ್‌ಆರ್ ಹೆಸರು ತೆಗೆಸುವುದು ತಡವಾಗಿ ಆ್ಯಪ್‌ನಲ್ಲಿ ಇ-ಕಾರ್ಡ್ ಇನ್ನೂ ಕಾಣಿಸುತ್ತಿದ್ದರೂ ಅದನ್ನು ನಂಬಬೇಡಿ. ಆ ದಿನದ ನಂತರ ದಾಖಲಾದ ಚಿಕಿತ್ಸೆಯ ಕ್ಲೇಮ್ ತಿರಸ್ಕೃತವಾಗುತ್ತದೆ. ಅದಕ್ಕೂ ಮುಂಚಿನ ಚಿಕಿತ್ಸೆಯ ಬಿಲ್‌ಗಳನ್ನು ಮಾತ್ರ ಪಾಲಿಸಿಯ ಗಡುವಿನೊಳಗೆ ನಂತರವೂ ಸಲ್ಲಿಸಬಹುದು.

ನಿಜವಾದ ಲಾಭ ಇರುವುದು ಮೈಗ್ರೇಷನ್‌ನಲ್ಲಿ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾದರೆ ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ (ಪಾಲಿಸಿ ಕೊಂಡ ಮೇಲೆ ಕೆಲವು ಕಾಯಿಲೆಗಳಿಗೆ ರಕ್ಷಣೆ ಸಿಗದ ಕಾಲ) ಲೆಕ್ಕವಾಗುತ್ತವೆ. ಹೊಸದಾಗಿ ಕೊಂಡರೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆಯಿಲ್ಲ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಆದರೆ ಈ ಕ್ರೆಡಿಟ್ ಹಳೆಯ ವಿಮಾ ಮೊತ್ತದಷ್ಟಕ್ಕೆ ಮಾತ್ರ: ಗುಂಪಿನಲ್ಲಿ 3 ಲಕ್ಷ ಇದ್ದು ಈಗ 10 ಲಕ್ಷ ತೆಗೆದುಕೊಂಡರೆ, ಹೆಚ್ಚಿನ 7 ಲಕ್ಷಕ್ಕೆ ಕಾಯುವಿಕೆ ಮೊದಲಿನಿಂದ ಶುರು.

ಅರ್ಜಿಯನ್ನು ನೋಟಿಸ್ ಅವಧಿಯಲ್ಲೇ ಹಾಕಿ. ವಿಮಾ ಕಂಪನಿ ವೈದ್ಯಕೀಯ ತಪಾಸಣೆ ಕೇಳಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಎಷ್ಟು ವರ್ಷದಿಂದ ರಕ್ಷಣೆಯಿತ್ತು, ಯಾವ ಕ್ಲೇಮ್ ಆಗಿದೆ ಎಂಬ ಪತ್ರವನ್ನು ಆಫೀಸ್ ಇಮೇಲ್ ಮುಚ್ಚುವ ಮುಂಚೆ ಪಡೆಯಿರಿ. ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ವೈಯಕ್ತಿಕ ಪಾಲಿಸಿಯ ಪ್ರೀಮಿಯಂಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರ ಲೆಕ್ಕ ಬೇರೆ. ಅಲ್ಲಿ ಕೊನೆಯ ಕೆಲಸದ ದಿನವಲ್ಲ, ವಂತಿಗೆ ಕಟ್ಟಿದ ಅವಧಿ ಮುಖ್ಯ: ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಮುಂದಿನ ಜನವರಿ–ಜೂನ್ ಸೌಲಭ್ಯದ ಅವಧಿ.