ಆರ್‌ಸಿಬಿ ವೇಗಿ ಸಿರಾಜ್ ಅವರನ್ನು ಕೈಬಿಟ್ಟಿದ್ದಾರೆ. 2024ರ ನವೆಂಬರ್ 24ರ ಐಪಿಎಲ್ ಹರಾಜಿನಲ್ಲಿ ಮರಳಿ ಸಿಗುವರೇ?

ಕೌಲ್ ಬಜಾರ್ ಹುಡುಗ, ಬಳ್ಳಾರಿ (ಪ್ರಶ್ನೆ)

ಅಕ್ಟೋಬರ್ 31ರಂದು ಆರ್‌ಸಿಬಿ ಉಳಿಸಿಕೊಂಡವರ ಪಟ್ಟಿ ಹೊರಬಿದ್ದ ದಿನದಿಂದ ನನಗೆ ಸಮಾಧಾನವಿಲ್ಲ. ಕೊಹ್ಲಿ ಅವರಿಗೆ 21 ಕೋಟಿ, ರಜತ್ ಪಾಟೀದಾರ್ ಅವರಿಗೆ 11 ಕೋಟಿ, ಯಶ್ ದಯಾಳ್ ಅವರಿಗೆ 5 ಕೋಟಿ, ಅಲ್ಲಿಗೆ ಪಟ್ಟಿ ಮುಗಿಯಿತು. 2018ರಿಂದ ಏಳು ಸೀಸನ್ ನಮ್ಮ ತಂಡಕ್ಕೆ ಬೌಲಿಂಗ್ ಮಾಡಿದ ಸಿರಾಜ್ ಅವರ ಹೆಸರು ಅದರಲ್ಲಿಲ್ಲ.

2020ರಲ್ಲಿ ಅಬುಧಾಬಿಯಲ್ಲಿ ಕೋಲ್ಕತ್ತ ವಿರುದ್ಧ ಅವರು ಮೊದಲ ಎರಡು ಓವರುಗಳನ್ನೂ ಮೇಡನ್ ಎಸೆದು, 4 ಓವರಿನಲ್ಲಿ 8 ರನ್ನಿಗೆ 3 ವಿಕೆಟ್ ಪಡೆದ ರಾತ್ರಿ ನಾನು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿದ್ದೆ. ಗುಂಡಿ ತುಂಬಿದ ಡಬ್ಬಕ್ಕೆ ಮೊಬೈಲ್ ಒರಗಿಸಿಟ್ಟು ನೋಡುತ್ತಿದ್ದ ನಾವು ಆರು ಜನ, ನಿತೀಶ್ ರಾಣಾ ಬೌಲ್ಡ್ ಆದಾಗ ಮಷೀನಿನ ಪೆಡಲಿನಿಂದ ಕಾಲು ತೆಗೆದು ಎದ್ದು ನಿಂತಿದ್ದೆವು. ಒಬ್ಬನ ಸೂಜಿಯ ಕೆಳಗೆ ಅರ್ಧ ಹೊಲಿದ ಜೇಬು ಹಾಗೆಯೇ ಉಳಿದಿತ್ತು.

2022ರ ಹರಾಜಿಗೆ ಮುಂಚೆ ಸ್ಪಿನ್ನರ್ ಚಾಹಲ್ ಅವರನ್ನು ಬಿಟ್ಟುಕೊಟ್ಟೆವು, ರಾಜಸ್ಥಾನ 6.5 ಕೋಟಿಗೆ ಕೊಂಡಿತು, ಅದೇ ವರ್ಷ ಅವರು 27 ವಿಕೆಟ್ ಪಡೆದು, ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಕೊಡುವ ಪರ್ಪಲ್ ಕ್ಯಾಪ್ ಧರಿಸಿದರು. ಆ ಸಂಕಟ ಮತ್ತೊಮ್ಮೆ ಬರಬಾರದು. ಹರಾಜಿನ ಲೆಕ್ಕ ಬಲ್ಲವರು ದಯವಿಟ್ಟು ತಿಳಿಸಿ.

ಶಕ್ತಿನಗರದವನು, ರಾಯಚೂರು

ತಮ್ಮಾ, ದಾರಿ ಮುಚ್ಚಿಲ್ಲ. ಕೊಹ್ಲಿ, ಪಾಟೀದಾರ್ ಜೊತೆಗೆ ಭಾರತ ತಂಡಕ್ಕೆ ಆಡಿದ ಮೂರನೆಯ ಆಟಗಾರನನ್ನು ಉಳಿಸಿಕೊಂಡಿದ್ದರೆ ನಿಯಮದ ಪ್ರಕಾರ ಪ್ರತಿ ತಂಡಕ್ಕಿರುವ 120 ಕೋಟಿಯಲ್ಲಿ ಇನ್ನೂ 11 ಕೋಟಿ ಕಡಿತವಾಗುತ್ತಿತ್ತು. ಈಗ 83 ಕೋಟಿ ಕೈಯಲ್ಲಿದೆ, ಜೊತೆಗೆ ಮೂರು ಆರ್‌ಟಿಎಂ ಕಾರ್ಡುಗಳೂ (2024ರಲ್ಲಿ ನಮ್ಮಲ್ಲಿದ್ದ ಆಟಗಾರನನ್ನು ಬೇರೆ ತಂಡ ಕೂಗಿದ ಬೆಲೆಗೆ ಮರಳಿ ಪಡೆಯುವ ಹಕ್ಕು) ಇವೆ. ಸಿರಾಜ್ ಅವರಿಗೆ ಬೇರೆ ತಂಡ 8 ಕೋಟಿ ಕೂಗಿತೆಂದುಕೊಳ್ಳಿ, ಅಷ್ಟೇ ಮೊತ್ತಕ್ಕೆ ನಾವು ಕಾರ್ಡ್ ತೋರಿಸಬಹುದು. ಆದರೆ ಈ ಸಲ ಒಂದು ಹೊಸ ತೊಡಕಿದೆ: ನಾವು ಕಾರ್ಡ್ ತೋರಿಸಿದ ಮೇಲೆ ಆ ತಂಡ ಒಮ್ಮೆ ತನಗೆ ಬೇಕಾದಷ್ಟು ಬೆಲೆ ಏರಿಸಬಹುದು, ಏರಿಸಿದ ಬೆಲೆಯನ್ನು ನಾವು ಒಪ್ಪಿದರೆ ಮಾತ್ರ ಆಟಗಾರ ನಮ್ಮವನಾಗುತ್ತಾನೆ. 8 ಎಂದದ್ದು 12 ಆದರೆ ಉಳಿಸಿಕೊಳ್ಳುವ ದರಕ್ಕಿಂತ ಹೆಚ್ಚು ತೆತ್ತಂತಾಗುತ್ತದೆ. ನನಗೆ ಹೆದರಿಕೆಯಿರುವುದು ಅಲ್ಲಿಯೇ.

ಚಾಹಲ್ ಅವರಿಗೆ ಈ ಕಾರ್ಡ್ ನಡೆಯುವುದಿಲ್ಲ, ಅವರು 2024ರಲ್ಲಿ ನಮ್ಮ ತಂಡದಲ್ಲಿರಲಿಲ್ಲ.

ಗಂಗಾವತಿ ಕ್ರಿಕೆಟ್ ಪ್ರೇಮಿ, ಕೊಪ್ಪಳ ಜಿಲ್ಲೆ

ಅಣ್ಣನವರ ಲೆಕ್ಕ ಸರಿಯಿದೆ, ಆದರೆ ಗಮನಿಸಬೇಕಾದ ಮಾತು ಇನ್ನೊಂದಿದೆ. ಹರಾಜಿನಲ್ಲಿ ಪ್ರಮುಖ ಆಟಗಾರರ ಎರಡನೆಯ ಗುಂಪಿನಲ್ಲಿ ಸಿರಾಜ್, ಚಾಹಲ್, ಶಮಿ, ನಮ್ಮ ಕೆ.ಎಲ್. ರಾಹುಲ್ ಎಲ್ಲರೂ ಒಟ್ಟಿಗೇ ಬರುತ್ತಾರೆ. ರಾಹುಲ್ ಬೇಕೆಂದು ನಾವೆಲ್ಲ ಹಂಬಲಿಸುತ್ತಿದ್ದೇವೆ, ಆದರೆ ಒಬ್ಬ ಬ್ಯಾಟರ್‌ಗಾಗಿ ಹಣ ಸುರಿದು ಬೌಲರ್‌ಗಳ ಸರದಿ ಬಂದಾಗ ಕೈ ಬಿಗಿ ಹಿಡಿಯುವುದು ನಮ್ಮ ತಂಡದ ಹಳೆಯ ಚಾಳಿ.

2024ರ ಏಪ್ರಿಲ್ 15ರಂದು ಚಿನ್ನಸ್ವಾಮಿಯಲ್ಲಿ ಹೈದರಾಬಾದ್ ನಮ್ಮ ಮೇಲೆ 287 ರನ್ ಹೊಡೆಯಿತು. ನಾವೂ 262 ಹೊಡೆದೆವು, ಆದರೂ ಸೋತೆವು. ಆ ಮೈದಾನದ ಗಡಿ ಚಿಕ್ಕದು; ಅಲ್ಲಿ ಇನ್ನೊಬ್ಬ ಬ್ಯಾಟರ್‌ಗಿಂತ, ಲೆಂಗ್ತ್ ಬಿಡದೆ ಎಸೆಯುವ ಇಬ್ಬರು ವೇಗಿಗಳೇ ಹೆಚ್ಚು ಬೇಕು. ಸಿರಾಜ್ ಕೈತಪ್ಪಿದರೆ ಹೇಜಲ್‌ವುಡ್ ಅವರನ್ನಾದರೂ ಮರಳಿ ತರಲೇಬೇಕು. ನನ್ನ ಅಭಿಪ್ರಾಯದಲ್ಲಿ ಸಿರಾಜ್ ಅವರಿಗೆ 10 ಕೋಟಿಯವರೆಗೆ ಧೈರ್ಯವಾಗಿ ಹೋಗಬಹುದು.

ಕೌಲ್ ಬಜಾರ್ ಹುಡುಗ

ಇಬ್ಬರಿಗೂ ಧನ್ಯವಾದಗಳು. ಬೆಲೆ ಏರಿಸುವ ಹೊಸ ನಿಯಮ ನನಗೆ ತಿಳಿದಿರಲಿಲ್ಲ, ತಿಳಿದ ಮೇಲೆ ಆತಂಕ ಹೆಚ್ಚೇ ಆಯಿತು. ಅಣ್ಣಾ, 12 ಕೋಟಿಗೆ ಏರಿದರೂ ನಾನು ಬಿಡುತ್ತಿರಲಿಲ್ಲ. 2023ರಲ್ಲಿ 19 ವಿಕೆಟ್ ಪಡೆದ ಬೌಲರ್ ಅವರು. 24 ಭಾನುವಾರ, ಆದರೂ ಶೆಡ್ಡಿನ ಬೀಗದ ಕೈ ಕೇಳಿ ಪಡೆದಿದ್ದೇನೆ. ಆ ಆರು ಜನರೂ ಬರುತ್ತೇವೆಂದಿದ್ದಾರೆ.