ಕಾಶ್ಮೀರದ ಚಳಿಗೆ ಲಾರಿ ಎಳೀತಿಲ್ಲ, ಪಂಪ್ ಇಳಿಸಬೇಕಾ?

ಪ್ರಶ್ನೆ: ಮೇಸ್ತ್ರಿಗಳೇ ನಮಸ್ಕಾರ. ನಂದು 2012ರ ಮಾಡೆಲ್ ಹತ್ತು ಚಕ್ರದ ಗಾಡಿ, ಬಿಎಸ್-3 (ಹಳೇ ಹೊಗೆ ನಿಯಮದ್ದು), ಡೀಸೆಲ್‌ನ ಎಂಜಿನ್‌ಗೆ ಒತ್ತಿ ಕೊಡೋದು ಇನ್‌ಲೈನ್ ಪಂಪು. ಅಪ್ಪ ಓಡಿಸ್ತಿದ್ದ ಗಾಡಿ. ಪುಲ್ವಾಮಾ ಜಿಲ್ಲೆ ಲಸ್ಸಿಪೊರಾದ ಕೋಲ್ಡ್ ಸ್ಟೋರೇಜಿಂದ ಸೇಬು ತುಂಬಿಕೊಂಡು ಬೆಂಗಳೂರಿನ ಸಿಂಗೇನ ಅಗ್ರಹಾರ ಹಣ್ಣಿನ ಮಾರ್ಕೆಟ್‌ಗೆ ಹೊರಟಿದ್ದೀನಿ. ರಾತ್ರಿ ಮೈನಸ್ 5. ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ, ಎರಡು ಕಿಲೋಮೀಟರ್ ಚೆನ್ನಾಗೇ ಹೋಗುತ್ತೆ, ಆಮೇಲೆ ಸಣ್ಣ ಏರು ಬಂದರೂ ಪಿಕಪ್ಪೇ ಇಲ್ಲ. ಹೊಗೆಯೂ ಇಲ್ಲ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಮತ್ತೆ ಎಳೆಯುತ್ತೆ. ಡೀಸೆಲ್ ನಾಗಪುರದಲ್ಲಿ ಎರಡೂ ಟ್ಯಾಂಕ್ ಫುಲ್ ಮಾಡಿಸಿದ್ದೆ. ಖಾಜಿಗುಂಡ್‌ನ ಮೆಕ್ಯಾನಿಕ್ ಪಂಪ್ ಇಳಿಸಬೇಕು ಅಂತಿದ್ದಾನೆ.

ಉತ್ತರ: ಪಂಪಿಗೆ ಸ್ಪ್ಯಾನರ್ ಹಾಕಿಸಬೇಡ ತಮ್ಮಾ. ಸವೆದ ಪಂಪು ಬಿಸಿಲು ಬಿದ್ದ ಮಾತ್ರಕ್ಕೆ ಸರಿಹೋಗಲ್ಲ. ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಕಾರುತ್ತಿತ್ತು. ಆಗ ಏರ್ ಫಿಲ್ಟರ್, ಟರ್ಬೋ ಹೋಸ್ ನೋಡು ಅಂತಿದ್ದೆ. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಅಂದರೆ ಎಂಜಿನ್‌ಗೆ ಡೀಸೆಲ್ಲೇ ಸಾಲ್ತಿಲ್ಲ.

ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತೆ. ಡಿಸೆಂಬರ್‌ನಲ್ಲಿ ಮನೇಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟೋ ಹಾಗೆ ಅದೂ ಕಟ್ಟುತ್ತೆ. ಡೀಸೆಲ್‌ಗೆ ಅಂತ ಇರೋ ಐಎಸ್ 1460 ಅನ್ನೋ ಭಾರತದ ಮಾನದಂಡದ ಪ್ರಕಾರ ಚಳಿಗಾಲದ ಮಾಮೂಲಿ ಡೀಸೆಲ್ ಕೂಡ 6 ಡಿಗ್ರಿಗೇ ಫಿಲ್ಟರ್ ಕಟ್ಟಬಹುದು, ಬೇಸಿಗೆಯದು 18ಕ್ಕೇ. ಪೈಪಿನಲ್ಲಿ, ಫಿಲ್ಟರ್‌ನಲ್ಲಿ ಉಳಿದದ್ದರಲ್ಲಿ ಎರಡು ಕಿಲೋಮೀಟರ್ ಹೋಗ್ತೀಯ. ಅಷ್ಟರಲ್ಲಿ ಮೇಣ ಫಿಲ್ಟರ್ ಪೇಪರ್ ಮೇಲೆ ಕೂತು ದಾರಿ ಮುಚ್ಚುತ್ತೆ.

ನಾಳೆ ಬೆಳಿಗ್ಗೆ ಗಾಡಿ ಎಳೆಯೋದು ನಿಲ್ಲಿಸಿದ ಜಾಗದಲ್ಲೇ ಎಂಜಿನ್ ಆಫ್ ಮಾಡಿ, ಟ್ಯಾಂಕಿಂದ ಡೀಸೆಲ್ ಎಳೆಯೋ ಫೀಡ್ ಪಂಪ್ ಮೇಲಿರೋ ಹ್ಯಾಂಡ್ ಪಂಪ್ ಒತ್ತಿ ನೋಡು. ಕೆಳಗೆ ಒತ್ತೋಕೆ ಕಲ್ಲಿನಂಗಿದ್ದರೆ ಫಿಲ್ಟರ್ ಕಟ್ಟಿದೆ. ಮೇಲೆ ಎಳೆಯೋಕೆ ಬಿಗಿಯಾದರೆ ಟ್ಯಾಂಕಿನ ಜಾಲರಿ ಅಥವಾ ಬರೋ ಪೈಪು. ಎರಡೂ ಸಡಿಲ, ಏರ್ ಬಿಡೋ ಬ್ಲೀಡ್ ಸ್ಕ್ರೂ ಬಿಚ್ಚಿದರೆ ಗುಳ್ಳೆ ಬರ್ತಿದೆ ಅಂದರೆ ಏರ್ ಹಿಡೀತಿದೆ. ಪೈಪಿನ ವಾಷರ್ ಬದಲಿಸು.

ಪ್ರಶ್ನೆ: ಒತ್ತೋಕೇ ಆಗಲಿಲ್ಲಣ್ಣಾ, ಹೆಬ್ಬೆರಳು ನೋವು ಬಂತು. ಫಿಲ್ಟರ್ ಬಿಚ್ಚಿದೆ. ಪೇಪರ್ ಮೇಲೆ ಬೆಳ್ಳಗೆ ತುಪ್ಪ ಮೆತ್ತಿದಂಗಿದೆ, ತಳದಲ್ಲಿ ಒಂದು ಲೋಟ ನೀರು ಹರಳುಗಟ್ಟಿದೆ.

ಉತ್ತರ: ಅದೇ ನೋಡು. ಎರಡೂ ಫಿಲ್ಟರ್ ಹೊಸದು ಹಾಕು, ಒಳಗೆ ಅಲ್ಲಿನ ಬಂಕ್‌ನ ಡೀಸೆಲ್ ತುಂಬಿಸಿ ಏರ್ ತೆಗಿ. ಕಾದ ನೀರಲ್ಲಿ ಅದ್ದಿದ ಬಟ್ಟೆಯನ್ನ ಫಿಲ್ಟರ್ ಹೌಸಿಂಗ್‌ಗೆ, ಪೈಪಿಗೆ ಸುತ್ತು. ಕೆಲವರು ಟ್ಯಾಂಕ್ ಕೆಳಗೆ ಬೆಂಕಿ ಹಾಕ್ತಾರೆ. ದಯವಿಟ್ಟು ನೀನು ಹಾಗೆ ಮಾಡಬೇಡ, ಜೀವ ದೊಡ್ಡದು. ಮಾಮೂಲಿ ಡೀಸೆಲ್ ಟ್ಯಾಂಕಲ್ಲಿ ಕಡಿಮೆ ಇದ್ದಷ್ಟೂ ಒಳ್ಳೇದು. ಮುಂದಿನ ಸಲ ಜಮ್ಮು ಮುಟ್ಟೋ ಹೊತ್ತಿಗೆ ಖಾಲಿ ಮಾಡ್ಕೊಂಡು, ಚಳಿಗೆ ಕಟ್ಟದ ಡೀಸೆಲ್ ಎಲ್ಲಿ ಸಿಗುತ್ತೆ ಕೇಳಿ ತುಂಬಿಸು. ಲಡಾಖ್‌ಗೆ ಅಂತ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯೋ ಡೀಸೆಲ್ ಬಂತು, ಆ ಕಡೆ ಲೋಡ್ ಸಿಕ್ಕರೆ ಅದನ್ನೇ ಕೇಳು.

ಪ್ರಶ್ನೆ: ಈಗ ಎಳೀತಿದೆ ಅಣ್ಣಾ! ಆದರೂ ಬೆಳಿಗ್ಗೆ ಅರ್ಧ ಗಂಟೆ ಬಿಳಿ ಹೊಗೆ, ಟೆಂಪರೇಚರ್ ಮುಳ್ಳು ಮೇಲೇಳಲ್ಲ.

ಉತ್ತರ: ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗೋವರೆಗೂ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯೋ ವಾಲ್ವ್, ಇದೆಯಾ?

ಪ್ರಶ್ನೆ: ಇಲ್ಲ. ಎರಡು ಬೇಸಿಗೆ ಹಿಂದೆ ಹೀಟ್ ಆಗುತ್ತೆ ಅಂತ ಊರಿನ ಗ್ಯಾರೇಜಲ್ಲಿ ಕಿತ್ತು ಹಾಕಿದರು. ಕೂಲಂಟ್ ಮಾತ್ರ ಇದೆ.

ಉತ್ತರ: ಕೂಲಂಟ್ ಇದ್ದದ್ದೇ ಪುಣ್ಯ, ಬರೀ ನೀರಾಗಿದ್ದರೆ ಹೆಪ್ಪುಗಟ್ಟಿ ಎಂಜಿನ್ ಬ್ಲಾಕೇ ಸೀಳಬಹುದಿತ್ತು. ನಮ್ಮ ಕಡೆ ಥರ್ಮೋಸ್ಟಾಟ್ ಕೀಳೋದು ದೊಡ್ಡ ತಪ್ಪು, ನಾನು ಯಾರಿಗೂ ಕೀಳೋಕೆ ಬಿಡಲ್ಲ. ಅದಿಲ್ಲದೆ ತಣ್ಣನೆ ಕೂಲಂಟ್ ರೇಡಿಯೇಟರ್ ಸುತ್ತುತ್ತಲೇ ಇರುತ್ತೆ, ಸಿಲಿಂಡರ್ ಬಿಸಿಯೇರಲ್ಲ, ಡೀಸೆಲ್ ಅರ್ಧಂಬರ್ಧ ಉರಿದು ಬಿಳಿ ಹೊಗೆಯಾಗುತ್ತೆ, ಮೈಲೇಜೂ ಬೀಳುತ್ತೆ. ಸದ್ಯಕ್ಕೆ ಸೇಬಿನ ರಟ್ಟು ಕತ್ತರಿಸಿ ರೇಡಿಯೇಟರ್ ಅರ್ಧ ಮುಚ್ಚು, ಕಣ್ಣು ಮುಳ್ಳಿನ ಮೇಲಿರಲಿ. ಸುರಂಗ ದಾಟಿ ರಾಂಬನ್ ಕಡೆ ಇಳಿದ ಮೇಲೆ ರಟ್ಟು ತೆಗೆದುಬಿಡು, ಉಧಂಪುರದಲ್ಲೋ ಜಮ್ಮುವಿನಲ್ಲೋ ಥರ್ಮೋಸ್ಟಾಟ್ ಹಾಕಿಸು.

ಘಾಟಿ ಇಳಿಯೋ ಮುಂಚೆ ಬ್ರೇಕಿನ ಏರ್ ಟ್ಯಾಂಕಿನ ನೀರು ಬಿಡೋದು ಮರೀಬೇಡ. ಆ ನೀರು ಹೆಪ್ಪುಗಟ್ಟಿದರೆ ಬ್ರೇಕ್ ಹಿಡಿಯದೆ ಹೋಗಬಹುದು, ಮುಂದೆ ಇಳಿಜಾರು ಉದ್ದ ಇದೆ.