ಪದಚರ್ಚೆ: ಪೆಡಲಿನ ಚಿಪ್ಪು ಕೀರುತ್ತದೆಯೋ, ಗುಂಯ್‌ಗುಡುತ್ತದೆಯೋ?

ಬಲ್ಲವರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಗಿಟಾರಿನ ಪೆಡಲುಗಳನ್ನು (ದನಿಯ ಬಣ್ಣ ಬದಲಿಸಲು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳನ್ನು) ತಾವೇ ಕಟ್ಟಿಕೊಳ್ಳುವವರಿಗೆಂದು ಕನ್ನಡದಲ್ಲಿ ಒಂದು ದುರಸ್ತಿ ಕೈಪಿಡಿ ಬರೆಯುತ್ತಿದ್ದೇನೆ. ಬೆಸುಗೆ, ತಂತಿ, ಸ್ವಿಚ್ಚುಗಳ ಅಧ್ಯಾಯಗಳು ಸಲೀಸಾಗಿ ಮುಗಿದವು. ವೋಲ್ಟೇಜ್ ಬದಲಿಸುವ ಚಿಪ್ಪು ಎಬ್ಬಿಸುವ ಬೇಡದ ಸದ್ದಿಗೆ ಬಂದಾಗ ಲೇಖನಿ ನಿಂತಿದೆ. ಎಲ್ಲವನ್ನೂ ‘ಗದ್ದಲ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಈ ದುರಸ್ತಿಯಲ್ಲಿ ಯಾವ ಬಗೆಯ ಸದ್ದು ಎಂದು ತಿಳಿದರೆ ಮಾತ್ರ ಎಲ್ಲಿ ಕೈ ಹಾಕಬೇಕೆಂದು ಗೊತ್ತಾಗುತ್ತದೆ. ಪದ ಮಸುಕಾದರೆ ಓದುಗ ಸರಿಯಿರುವ ಭಾಗವನ್ನೇ ಕಿತ್ತು ಬಿಸಾಡುತ್ತಾನೆ.

ವಿಷಯ ಗೊತ್ತಿಲ್ಲದವರಿಗಾಗಿ ತುಸು ಹಿನ್ನೆಲೆ. ಹೆಚ್ಚಿನ ಪೆಡಲುಗಳು 9 ವೋಲ್ಟ್‌ನಲ್ಲಿ ನಡೆಯುತ್ತವೆ. ಕೆಲವು ಸರ್ಕೀಟುಗಳಿಗೆ 18 ವೋಲ್ಟ್ ಬೇಕು. ಪಿಎನ್‌ಪಿ ಬಗೆಯ (ಪ್ಲಸ್, ಮೈನಸ್ ತಿರುವುಮುರುವಾಗಿ ಬೇಡುವ) ಜರ್ಮೇನಿಯಂ ಟ್ರಾನ್ಸಿಸ್ಟರುಗಳ, ದನಿಯನ್ನು ಒರಟಾಗಿಸುವ ಹಳೆಯ ಮಾದರಿಯ ಫಜ್ ಪೆಡಲು ಉಳಿದವುಗಳ ಜೊತೆ ಒಂದೇ ಅಡಾಪ್ಟರ್ ಹಂಚಿಕೊಳ್ಳಬೇಕಾದರೆ ಅದಕ್ಕೆ ಮೈನಸ್ 9 ವೋಲ್ಟ್ ಬೇಕು. ಇದನ್ನು ಒದಗಿಸಲು ಎಂಟು ಕಾಲಿನ (ಪಿನ್ನಿನ) ಚಿಕ್ಕ ಚಿಪ್ಪೊಂದನ್ನು ಕೂರಿಸುತ್ತಾರೆ: ಐಸಿಎಲ್7660, ಮ್ಯಾಕ್ಸ್1044, ಟಿಸಿ1044ಎಸ್, ಎಲ್‌ಟಿ1054 ಇತ್ಯಾದಿ. ಇವನ್ನು ಚಾರ್ಜ್ ಪಂಪ್ ಎನ್ನುವುದು ವಾಡಿಕೆ. ಒಳಗೆ ನಡೆಯುವುದು ಮಾತ್ರ ಪಂಪಿನ ಕೆಲಸಕ್ಕಿಂತ ಏತದ ಕೆಲಸ. ಒಂದು ಕೆಪಾಸಿಟರ್ 9 ವೋಲ್ಟಿನ ಮೂಲದಿಂದ ಚಾರ್ಜ್ ತುಂಬಿಕೊಳ್ಳುತ್ತದೆ. ಚಿಪ್ಪಿನೊಳಗಿನ ಸ್ವಿಚ್ಚುಗಳು ಅದನ್ನು ಅಲ್ಲಿಂದ ಬಿಡಿಸಿ, ತಲೆಕೆಳಗು ಮಾಡಿ, ಇನ್ನೊಂದು ಕೆಪಾಸಿಟರಿಗೆ ಸುರಿಯುತ್ತವೆ. ಬರಿದಾದದ್ದು ಮತ್ತೆ ತುಂಬಿಕೊಳ್ಳಲು ಮರಳುತ್ತದೆ. ಆದ್ದರಿಂದ ‘ವಿದ್ಯುದೇತ’ ಎಂದು ಬರೆಯುವ ಆಸೆ ನನಗಿದೆ. ಸಂಸ್ಕೃತಕ್ಕೆ ಕನ್ನಡ ಬೆಸೆದು ಅರಿಸಮಾಸವಾಯಿತೆಂದು ವ್ಯಾಕರಣ ಬಲ್ಲವರು ಕೆಂಗಣ್ಣು ಬಿಡಬಹುದು, ಬಿಡಲಿ. ಮಳೆಬಿಲ್ಲಿನಂತೆ ಅಚ್ಚಗನ್ನಡದ ಜೋಡಿಪದವೊಂದು ಯಾರಿಗಾದರೂ ಹೊಳೆದರೆ ಸಂತೋಷದಿಂದ ಸ್ವೀಕರಿಸುತ್ತೇನೆ.

ಸದ್ದು ಹುಟ್ಟುವುದು ಈ ಏತದ ವೇಗದಿಂದ. 7660ರ ಆಂದೋಲಕ ಸೆಕೆಂಡಿಗೆ ಸುಮಾರು 10,000 ಸಲ ಮಿಡಿಯುತ್ತದೆ. ಚಿಪ್ಪು ಅದನ್ನು ಒಳಗೇ ಎರಡರಿಂದ ಭಾಗಿಸುವುದರಿಂದ ತುಂಬಿ ಸುರಿಯುವ ಕೆಲಸ ಸೆಕೆಂಡಿಗೆ 5,000 ಸಲ ನಡೆಯುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಮಿಡಿತ, ಅಂದರೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಪಿಯಾನೋದ ಬಲತುದಿಯ ಕೊನೆಯ ಮನೆ 4,186 ಹರ್ಟ್ಸ್. ಅಂದರೆ ಚಿಪ್ಪಿನ ದನಿ ಅದಕ್ಕಿಂತ ಕೊಂಚ ಮೇಲೆ, ಕಿವಿ ಬಹಳ ಚುರುಕಾಗಿರುವ ಜಾಗದಲ್ಲೇ ಕೂತಿದೆ. ಮುಂದೆ ದನಿಯನ್ನು ಬೇಕೆಂದೇ ವಿರೂಪಗೊಳಿಸುವ ಡಿಸ್ಟಾರ್ಷನ್ ಪೆಡಲೊಂದಿದ್ದರೆ ಸಣ್ಣದನ್ನು ನೂರು ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ.

ಈಗ ಪದಗಳಿಗೆ ಬರುತ್ತೇನೆ. ಸದ್ದನ್ನು ಅನುಕರಿಸುವ ಪದಗಳಿಗೆ ನಮ್ಮಲ್ಲಿ ಬಡತನವಿಲ್ಲ. ‘ಗುಟ್ಟು’ ಅಥವಾ ‘ಗುಡು’ ಸೇರಿಸಿದರೆ ಸಾಕು, ಕ್ರಿಯಾಪದ ಸಿದ್ಧ. ತೊಂದರೆಯೆಂದರೆ ಒಂದೇ ಪದ ಹಲವು ಸದ್ದುಗಳಿಗೆ ದುಡಿಯುತ್ತದೆ. ದುಂಬಿಯೂ ಗುಂಯ್, ಸೊಳ್ಳೆಯೂ ಗುಂಯ್, ಟ್ರಾನ್ಸ್‌ಫಾರ್ಮರೂ ಗುಂಯ್. ಮಾತಿಗೆ ಅಡ್ಡಿಯಿಲ್ಲ, ದುರಸ್ತಿಗೆ ಅಡ್ಡಿಯಿದೆ. ಮನೆಯ ವಿದ್ಯುತ್ತಿನಿಂದ ನುಸುಳುವ 50 ಅಥವಾ 60 ಹರ್ಟ್ಸ್‌ನ ತಗ್ಗುದನಿ ಬೇರೆ ರೋಗ, ಚಿಪ್ಪಿನ 5,000 ಹರ್ಟ್ಸ್ ಬೇರೆ ರೋಗ. ನಾನು ತಗ್ಗುದನಿಗೆ ಮಾತ್ರ ‘ಗುಂಯ್‌ಗುಡು’ವನ್ನು ಮೀಸಲಿಟ್ಟಿದ್ದೇನೆ. ಹಳೆಯ ರೆಸಿಸ್ಟರು, ಟ್ರಾನ್ಸಿಸ್ಟರುಗಳಿಂದ ಬರುವ, ಯಾವ ಶ್ರುತಿಗೂ ನಿಲ್ಲದ ಸುಸ್ಸೆಂಬ ಸದ್ದಿಗೆ ‘ಬುಸುಗುಟ್ಟು’ ಎಂದಿದ್ದೇನೆ. ಇವೆರಡರ ಬಗ್ಗೆ ಜಗಳವಿರಲಾರದು.

ಚಿಪ್ಪಿನ ಸದ್ದಿಗೆ ಏನೆನ್ನೋಣ? ‘ಸಿಳ್ಳೆ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಆದರೆ ಮೈಕು ಸ್ಪೀಕರಿನ ಎದುರು ಬಂದಾಗ ಏಳುವ ಸದ್ದಿಗೆ ಸಿಳ್ಳೆಯೇ ಸರಿಯಾದ ಪದ. ಪೆಡಲಿನ ಒಳಗೂ ಹೊರಹರಿವು ಒಳಹರಿವಿಗೆ ಮರಳಿ ಸೇರಿದರೆ ಅದೇ ಸಿಳ್ಳೆ ಏಳುತ್ತದೆ, ಗುಂಡಿ ತಿರುಗಿಸಿದಂತೆ ಅದರ ಶ್ರುತಿ ಜಾರುತ್ತದೆ. ಚಿಪ್ಪಿನದು ಹಾಗಲ್ಲ. ಗುಂಡಿ ತಿರುಗಿಸಿದರೆ ಸದ್ದಿನ ಗಾತ್ರ ಬದಲಾದೀತು, ಶ್ರುತಿ ಕದಲುವುದಿಲ್ಲ. ತಂತಿ ಮೀಟಿದರೂ ಅದೇ, ಬಿಟ್ಟರೂ ಅದೇ. ‘ಕುಂಯ್‌ಗುಟ್ಟು’ ನಾಯಿಮರಿಯ ಪಾಲಿನದು, ಅದರಲ್ಲಿ ಏರಿಳಿತವಿದೆ, ದೈನ್ಯವಿದೆ. ಹಟ ಹಿಡಿದು ಒಂದೇ ಎತ್ತರದಲ್ಲಿ ನಿಲ್ಲುವ ಈ ಸದ್ದಿಗೆ ನನ್ನ ಆಯ್ಕೆ ‘ಕೀರಲು’. ಆದರೆ ಬಳಕೆಯಲ್ಲಿ ಅದು ಹೆಚ್ಚಾಗಿ ‘ಕೀರಲು ದನಿ’ ಎಂದು ವಿಶೇಷಣವಾಗಿಯೇ ಬರುತ್ತದೆ. ಅದನ್ನೇ ನಾಮಪದ ಮಾಡಿ ‘ಪೆಡಲಿನಲ್ಲಿ ಕೀರಲು ಬರುತ್ತಿದೆ’ ಎಂದೋ, ಕ್ರಿಯಾಪದ ಮಾಡಿ ‘ಪೆಡಲು ಕೀರುತ್ತಿದೆ’ ಎಂದೋ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ನನ್ನ ಮೊದಲ ಪ್ರಶ್ನೆ ಇದು.

ಈ ಪದ ಯಾಕೆ ಅಷ್ಟು ಮುಖ್ಯವೆಂಬುದಕ್ಕೆ ಒಂದು ಪರೀಕ್ಷೆಯನ್ನೇ ನೋಡಿ. ಪೆಡಲಿನ ಹಿಂಬದಿ ತೆಗೆದು, 7660 ಚಿಪ್ಪಿನ ಏಳನೆಯ ಪಿನ್ನಿಗೆ ಬೆರಳ ತುದಿಯನ್ನು ಮೆಲ್ಲಗೆ ತಾಕಿಸಬೇಕು. ಬ್ಯಾಟರಿಯಲ್ಲಿ ನಡೆಯುತ್ತಿದ್ದರೆ ಅಪಾಯವಿಲ್ಲ. ಅದು ಆಂದೋಲಕದ ಪಿನ್ನು. ಅಲ್ಲಿ 100 ಪಿಕೋಫ್ಯಾರಡ್‌ನ ಸಣ್ಣ ಕೆಪಾಸಿಟರ್ ಸೇರಿಸಿದರೆ ಆಂದೋಲಕ 10,000 ಹರ್ಟ್ಸ್‌ನಿಂದ 1,000ಕ್ಕೆ ಕುಸಿಯುತ್ತದೆ, ಆದ್ದರಿಂದ ಬೆರಳಿನಂಥ ಅಲ್ಪ ಕೆಪಾಸಿಟನ್ಸಿಗೂ (ಚಾರ್ಜ್ ಹಿಡಿದಿಡುವ ಗುಣಕ್ಕೂ) ಅದು ಬಗ್ಗುತ್ತದೆ. ಸ್ಪೀಕರಿನ ಕೀರಲು ತಟ್ಟನೆ ಶ್ರುತಿ ಇಳಿಸಿದರೆ ಕಳ್ಳ ಸಿಕ್ಕಿಬಿದ್ದಂತೆ. ಇಲ್ಲಿ ‘ಗದ್ದಲ ಇಳಿಯುತ್ತದೆ’ ಎಂದು ಬರೆದರೆ ಓದುಗ ಸದ್ದು ಕಡಿಮೆಯಾಗುತ್ತದೆಂದು ತಿಳಿದು ಕಾಯುತ್ತಾನೆ. ಇಳಿಯುವುದು ಶ್ರುತಿ. ಗಾತ್ರ ಅಷ್ಟೇ ಇರಬಹುದು.

ಎರಡನೆಯ ತೊಡಕು ‘ಬೂಸ್ಟ್’. ಮ್ಯಾಕ್ಸ್1044, ಟಿಸಿ1044ಎಸ್, ಐಸಿಎಲ್7660ಎಸ್ ಚಿಪ್ಪುಗಳ ಮೊದಲ ಪಿನ್ನಿಗೆ ತಯಾರಕರು ಇಟ್ಟಿರುವ ಹೆಸರು ಇದು. ಅದನ್ನು ಎಂಟನೆಯ ಪಿನ್ನಿಗೆ, ಅಂದರೆ ಪ್ಲಸ್ ವೋಲ್ಟೇಜಿಗೆ, ಒಂದು ತುಂಡು ತಂತಿಯಿಂದ ಜೋಡಿಸಿದರೆ ಆಂದೋಲಕದ ವೇಗ ಏರುತ್ತದೆ. 7660ಎಸ್‌ನಲ್ಲಿ 10 ಕಿಲೋಹರ್ಟ್ಸ್ ಇದ್ದದ್ದು ಸುಮಾರು 35ಕ್ಕೆ ಹೋಗುತ್ತದೆ. ಎರಡರಿಂದ ಭಾಗಿಸಿದರೂ 17 ದಾಟುತ್ತದೆ. ಎಳೆಯ ಕಿವಿಗೆ ಅದೂ ಕೇಳಿಸೀತು, ಆದರೆ ಗಿಟಾರ್ ಸ್ಪೀಕರು ಅಷ್ಟು ಎತ್ತರದ ದನಿಯನ್ನು ಹೊರಹಾಕುವುದೇ ಅಪರೂಪ. ಕೀರಲಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ಆದರೆ ಗಿಟಾರ್ ನುಡಿಸುವವರಿಗೆ ಬೂಸ್ಟ್ ಎಂದರೆ ದನಿಯ ಗಾತ್ರ ಏರಿಸುವ ಪೆಡಲು. ಚಿಪ್ಪಿನ ವಿಷಯದಲ್ಲಿ ಕೇಳಿದವರು ವೋಲ್ಟೇಜ್ ಏರುತ್ತದೆಂದು ತಿಳಿಯುತ್ತಾರೆ. ಎರಡೂ ತಪ್ಪು. ನಾನು ‘ವೇಗದ ಪಿನ್ನು’ ಎಂದು ಬರೆದಿದ್ದೇನೆ. ತಯಾರಕರ ಹೆಸರನ್ನು ಬಿಟ್ಟರೆ ಓದುಗ ನಕ್ಷೆಯಲ್ಲಿ ಅದನ್ನು ಹುಡುಕುವುದು ಹೇಗೆ ಎಂಬ ಆಕ್ಷೇಪವೂ ನ್ಯಾಯವೇ. ಮೊದಲ ಸಲ ಎರಡನ್ನೂ ಕೊಟ್ಟು, ಆಮೇಲೆ ಕನ್ನಡದ್ದನ್ನೇ ಉಳಿಸಿಕೊಂಡರೆ ಸಾಕೇ?

ಎಚ್ಚರಿಕೆಯ ಮಾತುಗಳನ್ನು ಕೈಪಿಡಿಯಲ್ಲಿ ಹೀಗೆ ಹಾಕಿದ್ದೇನೆ: ‘ಎಸ್’ ಅಕ್ಷರವಿಲ್ಲದ ಬರಿಯ 7660ರಲ್ಲಿ ಮೊದಲ ಪಿನ್ನು ಒಳಗೆ ಎಲ್ಲಿಗೂ ಸೇರಿಲ್ಲ, ತಂತಿ ಹಾಕಿ ಪ್ರಯೋಜನವಿಲ್ಲ. ಎಲ್‌ಟಿ1054 ಹುಟ್ಟಿನಿಂದಲೇ ಸುಮಾರು 25 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ, ಅದರ ಮೊದಲ ಪಿನ್ನಿನ ಕೆಲಸವೇ ಬೇರೆ, ಆದ್ದರಿಂದ ಅದನ್ನು ಕೂರಿಸುವ ಮುನ್ನ ಹಳೆಯ ತಂತಿಯನ್ನು ಕೀಳಬೇಕು. ಬರಿಯ 7660, ಮ್ಯಾಕ್ಸ್1044ಗಳಿಗೆ 10 ವೋಲ್ಟೇ ಮಿತಿ, 9 ಎಂದು ಬರೆದಿರುವ ಅಗ್ಗದ ಅಡಾಪ್ಟರುಗಳು ಹೊರೆಯಿಲ್ಲದಾಗ ಅದನ್ನು ಮೀರುವುದುಂಟು.

ವೇಗ ಏರಿಸಿದರೂ ಕೀರಲು ಹೋಗದಿದ್ದರೆ ದಾರಿ ಎರಡು. ಚಿಪ್ಪಿನಿಂದ ಹೊರಡುವ ವೋಲ್ಟೇಜಿನ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಅದರ ನಂತರ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಸುಮಾರು 16 ಹರ್ಟ್ಸ್‌ಗಿಂತ ಮೇಲಿನ ಏರಿಳಿತಗಳು ಕುಗ್ಗುತ್ತಾ ಹೋಗುತ್ತವೆ. 5,000 ಹರ್ಟ್ಸ್‌ನದು ಮುನ್ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು, ಚಿಪ್ಪಿನ ಕರೆಂಟು ಮರಳುವ ಗ್ರೌಂಡಿನ ಹಾದಿ. ಅದೇ ಹಾದಿಯನ್ನು ಗಿಟಾರಿನ ಒಳಹರಿವೂ ಹಂಚಿಕೊಂಡಿದ್ದರೆ ಎಷ್ಟು ಸೋಸಿದರೂ ವ್ಯರ್ಥ. ಗ್ರೌಂಡಿಗೆ ‘ಭೂಸಂಪರ್ಕ’ ಎಂದು ತಿದ್ದಿಕೊಟ್ಟವರಿದ್ದಾರೆ. ಬ್ಯಾಟರಿಯಲ್ಲಿ ನಡೆಯುವ ಪೆಡಲು ತಾನಾಗಿ ಭೂಮಿಗೆ ಸೇರಿರುವುದಿಲ್ಲ, ಆದ್ದರಿಂದ ಅದನ್ನು ಒಪ್ಪಲಾರೆ. ಗ್ರೌಂಡ್ ಗ್ರೌಂಡಾಗಿಯೇ ಇರಲಿ.

ಕೊನೆಯದು ನಿಜಕ್ಕೂ ಕಗ್ಗಂಟು. ಒಂದೊಂದೇ ನುಡಿಸಿದಾಗ ತೆಪ್ಪಗಿರುವ ಎರಡು ಪೆಡಲುಗಳು ಒಂದೇ ಅಡಾಪ್ಟರಿನಲ್ಲಿ ಕೂಡಿದಾಗ ಕೀರುತ್ತವೆ. ಒಂದರ ಚಿಪ್ಪು 17 ಕಿಲೋಹರ್ಟ್ಸ್, ಇನ್ನೊಂದರದು 15 ಎಂದುಕೊಳ್ಳಿ. ಡಿಸ್ಟಾರ್ಷನ್ ಹಂತದಲ್ಲಿ ಎರಡೂ ಬೆರೆತು 2 ಕಿಲೋಹರ್ಟ್ಸ್‌ನ ಮೂರನೆಯ ದನಿ ಹುಟ್ಟುತ್ತದೆ. ಇದು ಯಾವ ಚಿಪ್ಪಿನದೂ ಅಲ್ಲ, ಎರಡರ ವ್ಯತ್ಯಾಸ. ಇದನ್ನು ‘ಬೀಟ್’ ಎಂದರೆ ಸಂಗೀತದವರು ತಾಳದ ಪೆಟ್ಟೆಂದು ಓದಿಕೊಳ್ಳುತ್ತಾರೆ. ‘ವ್ಯತ್ಯಾಸ ಸ್ವರ’ ಎಂದರೆ ರಾಗಶಾಸ್ತ್ರದ ಪಾರಿಭಾಷಿಕ ಪದದಂತೆ ಕೇಳಿಸುತ್ತದೆ. ‘ಅಂತರದ ಕೀರಲು’ ಎಂದು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದೇನೆ, ನನಗೇ ಪೂರ್ತಿ ಒಪ್ಪಿಗೆಯಿಲ್ಲ.

ಉತ್ತರಿಸುವವರು ಬಿಡಿಪದ ಕೊಡುವುದರ ಬದಲು ಕೈಪಿಡಿಯ ಈ ವಾಕ್ಯಗಳನ್ನೇ ತಿದ್ದಿಕೊಟ್ಟರೆ ಹೆಚ್ಚು ಉಪಕಾರ: “ಪೆಡಲು ಕೀರುತ್ತಿದ್ದರೆ ಮೊದಲು ಬೇರೆ ಪೆಡಲುಗಳನ್ನೆಲ್ಲ ಕಳಚಿ, ಅದೊಂದನ್ನೇ ಬ್ಯಾಟರಿಗೆ ಹಾಕಿ ಆಲಿಸಿ. ಕೀರಲು ನಿಂತರೆ ಅದು ಅಂತರದ ಕೀರಲಾಗಿರಬಹುದು ಅಥವಾ ಅಡಾಪ್ಟರಿನಿಂದ ಬಂದಿರಬಹುದು. ನಿಲ್ಲದಿದ್ದರೆ ವಿದ್ಯುದೇತದ ವೇಗದ ಪಿನ್ನು ಜೋಡಣೆಯಾಗಿದೆಯೇ ಎಂದು ನೋಡಿ.”